ಹಳೆಯ ಸರ್ವರ್, ಹೊಸ ಕಂಟೇನರ್ ಮತ್ತು ಒಂದು ಚೌನ್ ಆದೇಶ

ಓಡುತ್ತಿರುವ ಸರ್ವರಿನ ರೂಟ್ ಫೈಲ್‌ಸಿಸ್ಟಮ್ಮನ್ನು ಟಾರ್ ಮಾಡಿ (ಒಂದೇ ಫೈಲಾಗಿ ಕಟ್ಟಿ) ತಂದು ಎಲ್‌ಎಕ್ಸ್‌ಸಿ ಕಂಟೇನರ್ (ಹೋಸ್ಟ್ ಎಂಬ ಆತಿಥೇಯ ಯಂತ್ರದೊಳಗೆ ಪ್ರತ್ಯೇಕವಾಗಿ ಓಡುವ ಲಿನಕ್ಸ್ ವ್ಯವಸ್ಥೆ) ಮಾಡಿಕೊಳ್ಳುವಾಗ ನಕಲು ತೆಗೆಯುವುದಾಗಲಿ, ಕಾನ್ಫಿಗ್ ಫೈಲ್ ಬರೆಯುವುದಾಗಲಿ ಯಾರಿಗೂ ಅಷ್ಟು ಕಷ್ಟವಾಗುವುದಿಲ್ಲ. ಕಂಟೇನರ್ ಏಳುತ್ತಿಲ್ಲವೆಂದು ನನಗೆ ಕರೆ ಮಾಡುವವರಲ್ಲಿ ಹೆಚ್ಚಿನವರು ಎಡವಿರುವುದು ಫೈಲುಗಳ ಒಡೆತನದಲ್ಲಿ.

ಲಿನಕ್ಸಿನ ತಿರುಳಾದ ಕರ್ನಲ್‌ಗೆ ಬಳಕೆದಾರರ ಹೆಸರು ತಿಳಿಯದು, ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಅನ್‌ಪ್ರಿವಿಲೆಜ್ಡ್ ಕಂಟೇನರಿನಲ್ಲಿ, ಅಂದರೆ ಒಳಗಿನ ರೂಟ್‌ಗೆ (ಸರ್ವಾಧಿಕಾರದ ಬಳಕೆದಾರ, ಸಂಖ್ಯೆ 0) ಹೋಸ್ಟಿನಲ್ಲಿ ಆ ಅಧಿಕಾರವಿಲ್ಲದ ಕಂಟೇನರಿನಲ್ಲಿ, ಈ ಸಂಖ್ಯೆಗಳನ್ನು ಸಾಮಾನ್ಯವಾಗಿ 1,00,000ದಷ್ಟು ಮೇಲಕ್ಕೆ ಸರಿಸಲಾಗುತ್ತದೆ: ಒಳಗಿನ 0 ಹೋಸ್ಟಿನಲ್ಲಿ 100000, ಒಳಗಿನ 33 ಹೋಸ್ಟಿನಲ್ಲಿ 100033, ಒಳಗಿನ 1000 ಹೋಸ್ಟಿನಲ್ಲಿ 101000, ಹೀಗೆ 65,536 ಸಂಖ್ಯೆಗಳು. ನೀವು ಹೋಸ್ಟಿನ ರೂಟ್ ಆಗಿ ಬಿಚ್ಚಿದ ಟಾರ್‌ನ ಫೈಲುಗಳು ಮಾತ್ರ ಇನ್ನೂ 0, 33, 1000ರ ಒಡೆತನದಲ್ಲೇ ಇರುತ್ತವೆ. ಆ ಸಂಖ್ಯೆಗಳು ಒಳಗಿನ-ಹೊರಗಿನ ಸಂಖ್ಯೆಗಳ ಈ ನಕ್ಷೆಯಲ್ಲೇ ಇಲ್ಲದ ಕಾರಣ ಒಳಗಿನಿಂದ ನೋಡಿದರೆ ಎಲ್ಲವೂ 65534, ಅಂದರೆ ನೋಬಡಿ. ಅವುಗಳ ಮೇಲೆ ಒಳಗಿನ ರೂಟ್‌ಗೂ ವಿಶೇಷಾಧಿಕಾರವಿಲ್ಲ, ಪಾಸ್‌ವರ್ಡ್‌ಗಳ ಶ್ಯಾಡೋ ಫೈಲನ್ನು ಅದು ಓದಲಾರದು, ಲಾಗ್ ಬರೆಯಲಾರದು.

ಇಷ್ಟು ಕಂಡ ಕೂಡಲೇ ಜನ ಮಾಡುವುದು ಒಂದೇ ಕೆಲಸ: ಇಡೀ ಡೈರೆಕ್ಟರಿ ಮರಕ್ಕೆ 100000 ಎಂದು ಚೌನ್ (ಒಡೆತನ ಬದಲಿಸುವ ಆದೇಶ). ದಯವಿಟ್ಟು ಮಾಡಬೇಡಿ. ಬೇಕಾಗಿರುವುದು ಪ್ರತಿ ಫೈಲಿನ ಈಗಿನ ಸಂಖ್ಯೆಗೆ 1,00,000 ಕೂಡಿಸುವುದೇ ಹೊರತು ಎಲ್ಲವನ್ನೂ ಒಬ್ಬನ ಹೆಸರಿಗೆ ಬರೆಯುವುದಲ್ಲ. ಒಂದು ಕಚೇರಿಯಲ್ಲಿ ಹೀಗೆ ಮಾಡಿದ ಮೇಲೆ, ಡೇಟಾ ಡೈರೆಕ್ಟರಿ ತನ್ನದಲ್ಲವೆಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಶುರುವಾಗಲು ನಿರಾಕರಿಸಿತು. ಅಲ್ಲಿನ ಹುಡುಗ ಚುರುಕಿನವನು, ಆ ಡೈರೆಕ್ಟರಿಯೊಂದನ್ನು ಸರಿಪಡಿಸಿಕೊಂಡ. ಆದರೆ ರೂಟ್ ಅಧಿಕಾರದಲ್ಲಿ ಆದೇಶ ಓಡಿಸುವ ಸುಡೋ ಏಕೆ ಕೈಕೊಟ್ಟಿತೆಂಬುದು ಅವನಿಗೆ ಹೊಳೆಯಲಿಲ್ಲ. ಒಡೆತನ ಬದಲಾದಾಗ ಎಕ್ಸಿಕ್ಯೂಟಬಲ್ ಫೈಲಿನ ಸೆಟ್‌ಯುಐಡಿ ಬಿಟ್ಟನ್ನೂ (ಯಾರೇ ಓಡಿಸಿದರೂ ಫೈಲಿನ ಒಡೆಯನ ಅಧಿಕಾರದಲ್ಲಿ ಓಡಲಿ ಎಂಬ ಗುರುತು, ಸುಡೋ ನಡೆಯುವುದು ಇದರಿಂದಲೇ) ಕೆಪಬಿಲಿಟಿಗಳನ್ನೂ (ಫೈಲಿಗೆ ಕೊಟ್ಟ ಬಿಡಿ ವಿಶೇಷಾಧಿಕಾರಗಳು) ಕರ್ನಲ್ ತಾನೇ ಅಳಿಸುತ್ತದೆ, ಬದಲಾಯಿಸಿದವನು ರೂಟ್ ಆಗಿದ್ದರೂ ಸರಿಯೇ.

ಇದರಿಂದ ಬೇಸತ್ತವರು ಕಂಟೇನರನ್ನು ಪ್ರಿವಿಲೆಜ್ಡ್ ಮಾಡಿಬಿಡುತ್ತಾರೆ. ಆಗ ಒಳಗಿನ ರೂಟ್ ಎಂದರೆ ಹೋಸ್ಟಿನ ರೂಟೇ. ಅಂಥ ಕಂಟೇನರ್ ಸುರಕ್ಷಿತವೆಂದು ಎಲ್‌ಎಕ್ಸ್‌ಸಿ ರೂಪಿಸಿದವರೇ ಹೇಳುವುದಿಲ್ಲ.

ಕಂಟೇನರ್ ನಿರ್ವಹಿಸುವ ಇನ್ಕಸ್ ಬಳಸುವವರಿಗೆ ಈ ತಾಪತ್ರಯ ಕಡಿಮೆ, ಸಂಖ್ಯೆ ಸರಿಸುವ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ. ಕಂಟೇನರ್ ಓಡಿಸುವ ಇನ್ನೊಂದು ಸಾಧನವಾದ ಸಿಸ್ಟಮ್‌ಡಿ-ಎನ್‌ಸ್ಪಾನ್‌ನಲ್ಲೂ ಅದಕ್ಕೊಂದು ಆಯ್ಕೆಯಿದೆ. 2021ರ 5.12 ಕರ್ನಲ್‌ನಿಂದ ಐಡಿಮ್ಯಾಪ್ಡ್ ಮೌಂಟ್ (ಮೌಂಟ್ ಮಾಡುವಾಗಲೇ ಒಡೆತನದ ಸಂಖ್ಯೆಗಳನ್ನು ಸರಿಸಿ ತೋರಿಸುವ ವ್ಯವಸ್ಥೆ) ಬಂದಿರುವುದರಿಂದ ಎಕ್ಸ್ಟ್4, ಎಕ್ಸ್‌ಎಫ್‌ಎಸ್ ಮುಂತಾದ ಫೈಲ್‌ಸಿಸ್ಟಮ್‌ಗಳಲ್ಲಿ ಫೈಲುಗಳನ್ನು ಮುಟ್ಟದೆಯೇ ಕೆಲಸ ಮುಗಿಯಬಹುದು. ಆದರೂ ನಿಮ್ಮ ಆವೃತ್ತಿ, ನಿಮ್ಮ ಫೈಲ್‌ಸಿಸ್ಟಮ್ ನೋಡದೆ ನಾನು ಭರವಸೆ ಕೊಡಲಾರೆ, ಮೊದಲು ಒಂದು ನಕಲಿನ ಮೇಲೆ ಪ್ರಯೋಗಿಸಿ. ಟಾರ್ ಮಾಡುವಾಗಲೂ ಬಿಚ್ಚುವಾಗಲೂ ಒಡೆತನವನ್ನು ಸಂಖ್ಯೆಯಲ್ಲೇ ಉಳಿಸುವ ಮತ್ತು ಎಕ್ಸ್‌ಆಟ್ರ್‌ಗಳನ್ನೆಲ್ಲ (ಕೆಪಬಿಲಿಟಿಗಳಂಥ, ಫೈಲಿಗೆ ಅಂಟಿದ ಹೆಚ್ಚುವರಿ ಗುಣಗಳು) ಉಳಿಸುವ ಆಯ್ಕೆಗಳನ್ನು ಕೊಡಲೇಬೇಕು. ಹಳೆಯ ಯಂತ್ರವೂ ಓಡುತ್ತಲೇ ಇರುವುದಾದರೆ ಕಂಟೇನರಿನ ಮಷೀನ್-ಐಡಿಯನ್ನು (ಯಂತ್ರದ ಗುರುತಿನ ಸಂಖ್ಯೆ) ಖಾಲಿ ಮಾಡಿ, ಇಲ್ಲವಾದರೆ ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿ ಎರಡಕ್ಕೂ ಒಂದೇ ವಿಳಾಸ ಕೊಟ್ಟೀತು. ಮತ್ತು ಹಳೆಯ ಯಂತ್ರವನ್ನು ಬಂದ್ ಮಾಡುವ ಮುನ್ನವೇ ಅದರಲ್ಲಿರುವ ಸೆಟ್‌ಯುಐಡಿ ಫೈಲುಗಳ ಹಾಗೂ ಕೆಪಬಿಲಿಟಿಗಳ ಪಟ್ಟಿ ತೆಗೆದಿಟ್ಟುಕೊಂಡು, ಕಂಟೇನರ್ ಎದ್ದ ಮೇಲೆ ಅದರೊಳಗಿಂದಲೂ ಅದೇ ಪಟ್ಟಿ ತೆಗೆದು ಸಾಲು ಸಾಲಾಗಿ ಹೋಲಿಸಿ ನೋಡಿ.