ಮದುವೆ ಮುಗಿದು ಆರೇ ದಿನಕ್ಕೆ

1572ರ ಆಗಸ್ಟ್ 18. ಪ್ಯಾರಿಸ್‌ನಲ್ಲಿ ರಾಜಮನೆತನದ ಮದುವೆ. ಹುಡುಗಿ ಮಾರ್ಗರೇಟ್, ಫ್ರಾನ್ಸ್ ರಾಜ ಒಂಬತ್ತನೇ ಚಾರ್ಲ್ಸ್‌ನ ತಂಗಿ, ಕ್ಯಾಥೊಲಿಕ್. ಹುಡುಗ ನವಾರ್ ಎಂಬ ಪುಟ್ಟ ರಾಜ್ಯದ ರಾಜ ಹೆನ್ರಿ, ಪ್ರೊಟೆಸ್ಟೆಂಟ್. ಎರಡು ಪಂಗಡಗಳ ಜಗಳ ಇಲ್ಲಿಗೆ ಮುಗಿಯಲಿ ಎಂಬ ಆಸೆಯಿಂದ ಮಾಡಿದ ಮದುವೆ ಅದು. ಆರನೇ ದಿನ, 24ರ ನಸುಕಿನಲ್ಲಿ ಪ್ರೊಟೆಸ್ಟೆಂಟರ ಕೊಲೆಗಳು ಶುರುವಾದವು. ಇತಿಹಾಸದಲ್ಲಿ ಇದರ ಹೆಸರು ಸೇಂಟ್ ಬಾರ್ತಲೊಮ್ಯೂ ದಿನದ ಹತ್ಯಾಕಾಂಡ. ಸೀನ್ ನದಿಯಲ್ಲಿ ಹೆಣಗಳು ತೇಲಿದವು.

ಇದನ್ನು ಸುಮ್ನೆ ಧರ್ಮದ ಜಗಳ ಎಂದುಬಿಟ್ಟರೆ ಅರ್ಧ ಕಥೆ ಕೈತಪ್ಪುತ್ತದೆ.

1559ರಲ್ಲಿ ಚಾರ್ಲ್ಸ್‌ನ ತಂದೆ, ರಾಜ ಎರಡನೇ ಹೆನ್ರಿ ಈಟಿ ಕಾಳಗದ ಆಟದಲ್ಲಿ ಗಾಯಗೊಂಡು ಸತ್ತ. ಮಕ್ಕಳಿನ್ನೂ ಚಿಕ್ಕವರು. ಸಿಂಹಾಸನದ ಸುತ್ತ ದೊಡ್ಡ ಮನೆತನಗಳು ಪೈಪೋಟಿಗಿಳಿದವು. ಗೀಸ್ ಮನೆತನ ಕ್ಯಾಥೊಲಿಕರ ಬೆನ್ನಿಗೆ ನಿಂತಿತು. ಬೂರ್ಬೋನ್ ಮನೆತನದ ಕೊಂಡೆ ಮತ್ತು ಅಡ್ಮಿರಲ್ ಕೊಲಿನ್ಯಿ ಪ್ರೊಟೆಸ್ಟೆಂಟರ, ಅಂದರೆ ಹ್ಯೂಗೆನೊಗಳ, ಮುಂದಾಳುಗಳಾದರು. 1562ರಲ್ಲಿ ವಾಸಿ ಎಂಬ ಊರಿನ ಕಣಜದಲ್ಲಿ ಪ್ರಾರ್ಥನೆಗೆ ಸೇರಿದ್ದ ಹತ್ತಾರು ಹ್ಯೂಗೆನೊಗಳನ್ನು ಗೀಸ್ ಡ್ಯೂಕನ ಕಡೆಯವರು ಕೊಂದರು. ಯುದ್ಧ ಹತ್ತಿಕೊಂಡಿತು. ಮರುವರ್ಷ ಆ ಡ್ಯೂಕನೇ ಕೊಲೆಯಾದ. ಇದಕ್ಕೆ ಕೊಲಿನ್ಯಿಯೇ ಕಾರಣ ಎಂದು ಡ್ಯೂಕನ ಮಗ ನಂಬಿದ. ಅಲ್ಲಿಂದ ಧರ್ಮದ ಜೊತೆಗೆ ಮನೆತನದ ಸೇಡೂ ಸೇರಿಕೊಂಡಿತು.

ಬೀದಿಯ ಸಿಟ್ಟಿಗೆ ಬೇರೆಯದೇ ಬೇರಿತ್ತು. ಮನೆಯಲ್ಲಿ ಗುಟ್ಟಾಗಿ ಪ್ರಾರ್ಥನೆ ನಡೆಸಿದರು ಎಂದು ಗಾಸ್ಟೀನ್ ಎಂಬ ಹ್ಯೂಗೆನೊ ಕುಟುಂಬದವರನ್ನು 1569ರಲ್ಲಿ ಪ್ಯಾರಿಸ್‌ನಲ್ಲಿ ಗಲ್ಲಿಗೇರಿಸಲಾಗಿತ್ತು. ಮನೆ ಕೆಡವಿ ಆ ಜಾಗದಲ್ಲಿ ಶಿಲುಬೆ ನಿಲ್ಲಿಸಿದ್ದರು. ಶಾಂತಿ ಒಪ್ಪಂದಕ್ಕಾಗಿ ರಾಜ 1571ರ ಡಿಸೆಂಬರ್‌ನಲ್ಲಿ ಅದನ್ನು ಅಲ್ಲಿಂದ ತೆಗೆಸಿದಾಗ ಊರೇ ರೊಚ್ಚಿಗೆದ್ದಿತು, ಜೀವಗಳು ಹೋದವು. ನೆರೆಮನೆಯವರ ನಂಬಿಕೆಯಿಂದ ಇಡೀ ಊರಿಗೆ ದೇವರ ಶಾಪ ತಟ್ಟುತ್ತದೆ ಎಂದು ಹೆದರಿದ್ದ ಜನ ಅವರು.

ಮದುವೆಯಾದ ನಾಲ್ಕನೇ ದಿನ ಕೊಲಿನ್ಯಿಯ ಮೇಲೆ ಗುಂಡು ಹಾರಿತು. ಬದುಕಿಕೊಂಡ. ಹ್ಯೂಗೆನೊಗಳು ತಿರುಗಿಬೀಳುವರೆಂಬ ಭಯದಲ್ಲಿ ಅರಮನೆ ಅವರ ಮುಖಂಡರನ್ನು ಮುಗಿಸಲು ಹೊರಟಿತು. ಕೊಲಿನ್ಯಿಯನ್ನು ಕೊಂದು ಕಿಟಕಿಯಿಂದ ಎಸೆದರು. ಕೆಳಗೆ ಆ ಗೀಸ್ ಡ್ಯೂಕನ ಮಗ ಕಾಯುತ್ತಿದ್ದ.

ಸಾಕು, ನಿಲ್ಲಿಸಿ ಎಂದು ಅದೇ ದಿನ ರಾಜ ಹೇಳಿದ. ಯಾರೂ ಕೇಳಲಿಲ್ಲ. ನನ್ನನ್ನು ಜಾಸ್ತಿ ಕಾಡುವುದು ಇದೇ. ನೆರೆಹೊರೆಯವರೇ ಬಾಗಿಲು ಒಡೆದು ಒಳನುಗ್ಗಿದರು, ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ. ಪ್ಯಾರಿಸ್ ಒಂದರಲ್ಲೇ ಸಾವಿರಾರು ಜನ ಸತ್ತರು. ಓರ್ಲಿಯನ್ಸ್, ಲಿಯೋನ್, ರೂಆನ್, ಬೋರ್ಡೊಗಳಲ್ಲಿ ಕೊಲೆಗಳು ಅಕ್ಟೋಬರ್‌ವರೆಗೂ ನಡೆದವು.

ಮದುಮಗ ಹೆನ್ರಿ ಧರ್ಮ ಬದಲಿಸಿ ಜೀವ ಉಳಿಸಿಕೊಂಡ. ಮುಂದೆ ಅವನೇ ಫ್ರಾನ್ಸ್ ರಾಜನಾಗಿ 1598ರಲ್ಲಿ ನಾಂಟ್ ಶಾಸನ ಹೊರಡಿಸಿ ಹ್ಯೂಗೆನೊಗಳಿಗೆ ಹಕ್ಕು ಕೊಟ್ಟ. ಹಿಂದೆ ನಡೆದದ್ದೆಲ್ಲ ನಡೆದೇ ಇಲ್ಲವೆಂಬಂತೆ ಎರಡೂ ಕಡೆಯವರು ಮರೆಯಬೇಕು ಎಂಬುದೇ ಅದರ ಮೊದಲ ಕಲಮು.