ದೋಷ ಶೇ 2, ಕಳ್ಳ ಒಳಗೇ

ಗುಟ್ಟಿನ ಸಂದೇಶಕ್ಕೆ ಬೇಕಾದ ಕೀಯನ್ನು (ಬಿಟ್‌ಗಳ ಸಾಲನ್ನು) ಬೆಳಕಿನ ಕಣಗಳಲ್ಲಿ ಕಳಿಸುವ ಕ್ವಾಂಟಮ್ ಕೀ ವಿತರಣೆಯ ಪೆಟ್ಟಿಗೆ ಕೊಂಡವರು ನನಗೆ ಮೊದಲು ತೋರಿಸುವುದೇ ಪರದೆಯ ಮೇಲಿನ ಒಂದು ಅಂಕಿಯನ್ನು: ಎರಡೂ ಕಡೆಯ ಬಿಟ್‌ಗಳಲ್ಲಿ ತಾಳೆಯಾಗದವು ಎಷ್ಟು ಅಂತ. 'ನೋಡಿ ಸಾರ್, ದೋಷ ಬರೀ ಶೇ 2. ಯಾರೂ ಕದ್ದು ಕೇಳ್ತಿಲ್ಲ.' ಭೌತಶಾಸ್ತ್ರವೇ ಕಾವಲಿಗಿದೆ ಅನ್ನೋ ಧೈರ್ಯ ಬೇರೆ. ಕೇಳಿ ಕೇಳಿ ಸಾಕಾಗಿದೆ.

ಮಾತು ಪೂರ್ತಿ ತಪ್ಪಲ್ಲ ಬಿಡಿ. ಬಿಬಿ84 ಅನ್ನೋ ಕೀ ವಿತರಣೆಯ ವಿಧಾನದಲ್ಲಿ ಪ್ರತಿ ಫೋಟಾನನ್ನು (ಬೆಳಕಿನ ಕಣವನ್ನು) ಅಳೆಯಲು ಎರಡು ಬೇಸಿಸ್‌ಗಳಲ್ಲಿ, ಅಂದರೆ ಅಳೆಯುವ ಬಗೆಗಳಲ್ಲಿ, ಒಂದನ್ನು ಆರಿಸಬೇಕು; ಆಯ್ಕೆ ತಪ್ಪಿದರೆ ಫೋಟಾನೇ ಬದಲಾಗುತ್ತದೆ. ಕಳ್ಳ ಪ್ರತಿ ಫೋಟಾನನ್ನೂ ಹಿಡಿದು, ಅಳೆದು, ಮತ್ತೆ ಕಳಿಸಿದರೆ ಕೀಯಲ್ಲಿ ಶೇ 25ರಷ್ಟು ಬಿಟ್‌ಗಳು ಕೆಡುತ್ತವೆ. ಸಿಕ್ಕಿಬೀಳುತ್ತಾನೆ. ಆದರೆ ಈ ಲೆಕ್ಕ ನಿಲ್ಲುವುದು ಡಿಟೆಕ್ಟರ್ (ಬೆಳಕು ಹಿಡಿಯುವ ಭಾಗ) ನಿಜಕ್ಕೂ ಒಂಟಿ ಫೋಟಾನನ್ನು ಗುರುತಿಸುತ್ತಿದ್ದರೆ ಮಾತ್ರ.

2010ರಲ್ಲಿ ಸಂಶೋಧಕರಾದ ಲಿಡರ್ಸನ್, ಮಕರೋವ್ ಮತ್ತು ಜೊತೆಗಾರರು ಮಾರುಕಟ್ಟೆಯಲ್ಲಿದ್ದ ಯಂತ್ರಗಳಲ್ಲೇ ಇದನ್ನು ಬುಡಮೇಲು ಮಾಡಿ ತೋರಿಸಿದರು. ಡಿಟೆಕ್ಟರ್‌ಗೆ ಸತತವಾಗಿ ಜೋರು ಬೆಳಕು ಬಿಡಿ. ಒಳಗಿನ ಡಯೋಡ್‌ನಲ್ಲಿ ಕರೆಂಟ್ ಜಾಸ್ತಿ ಹರಿದು ವೋಲ್ಟೇಜ್ ಕುಸಿಯುತ್ತದೆ. ಇನ್ನು ಅದಕ್ಕೆ ಒಂಟಿ ಫೋಟಾನ್ ಕಾಣಲ್ಲ. ಒಂದು ಮಟ್ಟ ಮೀರಿದ ಪಲ್ಸ್ ಬಿದ್ದರಷ್ಟೇ ಕ್ಲಿಕ್, ಅಂದರೆ ಬೆಳಕು ಬಂತು ಅನ್ನೋ ಸಂಕೇತ. ಕಳ್ಳ ತಾನು ಅಳೆದದ್ದನ್ನು ಆ ಮಟ್ಟಕ್ಕಿಂತ ತುಸು ಹೊಳಪಾಗಿ ಕಳಿಸುತ್ತಾನೆ. ಪಡೆಯುವವರು ಅವನದೇ ಬೇಸಿಸ್ ಆರಿಸಿದ್ದರೆ ಬೆಳಕೆಲ್ಲ ಒಂದೇ ಡಿಟೆಕ್ಟರ್‌ಗೆ ಹೋಗಿ ಕ್ಲಿಕ್. ಬೇರೆ ಆರಿಸಿದ್ದರೆ ಅರ್ಧರ್ಧ ಹಂಚಿಹೋಗಿ ಎರಡೂ ಗಪ್‌ಚುಪ್. ಕೆಡಬೇಕಿದ್ದ ಬಿಟ್‌ಗಳು ಹುಟ್ಟುವುದೇ ಇಲ್ಲ. ಪರದೆಯಲ್ಲಿ ಅದೇ ಶೇ 2. ಕೀ ಕಳ್ಳನ ಜೇಬಲ್ಲಿ.

'ಕ್ಲಿಕ್ ಅರ್ಧ ಆಗುತ್ತಲ್ವಾ?' ಅಂತ ಜಾಣರು ಕೇಳುತ್ತಾರೆ. ಒಳ್ಳೇ ಪ್ರಶ್ನೆ, ಇಂಥವರನ್ನು ಕಂಡರೆ ನನಗೆ ಖುಷಿ. 100 ಕಿ.ಮೀ. ಫೈಬರ್‌ನಲ್ಲಿ ಹೇಗೂ ನೂರಕ್ಕೆ ಒಂದು ಫೋಟಾನ್ ಉಳಿದರೆ ಹೆಚ್ಚು. ಕಳುಹಿಸುವವರ ಹತ್ತಿರವೇ ಕೂತ ಕಳ್ಳನಿಗೆ ಆ ಅರ್ಧವನ್ನು ಈ ನಷ್ಟದಲ್ಲಿ ಮುಚ್ಚಿಹಾಕುವುದು ಕಷ್ಟವಲ್ಲ.

ದಾರಿ ಇದೆ. 2012ರಲ್ಲಿ ಬಂದ ಎಂಡಿಐ (ಅಳೆಯುವ ಯಂತ್ರವನ್ನು ನಂಬಬೇಕಿಲ್ಲದ) ವಿಧಾನದಲ್ಲಿ ಇಬ್ಬರೂ ಫೋಟಾನ್ ಕಳಿಸುತ್ತಾರೆ, ಅಳೆಯುವವರು ನಡುವಿನ ಮೂರನೆಯವರು. ಅವರು ಹೇಳುವುದು ಎರಡು ಬಿಟ್‌ಗಳ ನಡುವಿನ ಸಂಬಂಧವನ್ನಷ್ಟೇ, ಬಿಟ್‌ಗಳನ್ನಲ್ಲ. ಹಾಗಾಗಿ ಡಿಟೆಕ್ಟರ್ ಕಳ್ಳನ ಕೈಯಲ್ಲೇ ಇದ್ದರೂ ಕೀ ಸೋರಲ್ಲ. ಆದರೆ ಲೇಸರ್ ಕಡೆಯನ್ನು, ಅಂದರೆ ಫೋಟಾನ್ ಕಳಿಸುವ ಯಂತ್ರವನ್ನು, ಇದರಲ್ಲೂ ನಂಬಲೇಬೇಕು. ಹೊರಗಿಂದ ಬೆಳಕು ನುಗ್ಗಿಸಿ ಒಳಗಿನ ಸೆಟ್ಟಿಂಗ್ ಓದುವ ದಾಳಿಗೆ ಬೇರೆಯೇ ತಡೆ ಬೇಕು.

ಹಳೇ ಪೆಟ್ಟಿಗೆ ಇದ್ದವರು ಸುಮ್ನೆ ಗಾಬರಿಯಾಗಬೇಡಿ. ಒಳಬರುವ ಬೆಳಕಿನ ಪ್ರಮಾಣ ಅಳೆಯುವ ಮಾನಿಟರ್ ಇದೆಯಾ ಅಂತ ಮಾರಿದವರನ್ನು ಕೇಳಿ. ಇದೆ ಅಂದರೆ, ಅದನ್ನು ಅವರಲ್ಲದೆ ಹೊರಗಿನವರು ಪರೀಕ್ಷಿಸಿದ ವರದಿ ಕೇಳಿ. ಇಂಥ ಕೆಲವು ತೇಪೆಗಳನ್ನೂ ಸಂಶೋಧಕರು ದಾಟಿದ್ದಾರೆ.