ಅಸ್ಥಿಗೆ ಜಾಗ ಸಿಗದ ದೇಶದಲ್ಲಿ ಜಬೋಟಿನ್‌ಸ್ಕಿ ದಿನ

ಯಹೂದಿ ಪಂಚಾಂಗದ ತಮ್ಮೂಜ್ ಮಾಸದ 29ರಂದು ಇಸ್ರೇಲ್ ಯಹೂದಿ ರಾಷ್ಟ್ರವಾದಿ ನಾಯಕ ಝೀವ್ ಜಬೋಟಿನ್‌ಸ್ಕಿಯ ನೆನಪಿಗೆ ಜಬೋಟಿನ್‌ಸ್ಕಿ ದಿನವನ್ನು ಆಚರಿಸುತ್ತದೆ. ಅಂದು ಜೆರುಸಲೆಮ್‌ನ ಹರ್ಜ್ಲ್ ಬೆಟ್ಟದಲ್ಲಿರುವ ಅವರ ಸಮಾಧಿಯೆದುರು ಸರ್ಕಾರಿ ಗೌರವ ಸಲ್ಲುತ್ತದೆ. 2005ರಲ್ಲಿ ಅಲ್ಲಿನ ಸಂಸತ್ತು ಕ್ನೆಸೆಟ್ ಇದಕ್ಕಾಗಿಯೇ ಕಾಯ್ದೆ ಮಾಡಿತು. ಆದರೆ ಇದೇ ನಾಯಕನ ಅಸ್ಥಿಯನ್ನು ತರಿಸಿಕೊಳ್ಳಲು ದೇಶದ ಮೊದಲ ಪ್ರಧಾನಿ ಡೇವಿಡ್ ಬೆನ್ ಗುರಿಯನ್ ಒಪ್ಪಿರಲಿಲ್ಲ.

ಒಡೆಸ್ಸಾದಲ್ಲಿ 1880ರಲ್ಲಿ ಹುಟ್ಟಿದ ಝೀವ್ ಜಬೋಟಿನ್‌ಸ್ಕಿ ಪತ್ರಕರ್ತ, ಕವಿ, ಉಗ್ರ ವಾಗ್ಮಿ. ಕಾರ್ಮಿಕ ಸಂಘಟನೆಯ ಬಲದಿಂದ ಮೆಲ್ಲನೆ ರಾಷ್ಟ್ರ ಕಟ್ಟಬೇಕೆಂಬ ಬೆನ್ ಗುರಿಯನ್ ಬಣದ ದಾರಿ ಅವರಿಗೆ ಹಿಡಿಸಲಿಲ್ಲ. 1925ರಲ್ಲಿ ಅವರು, ಯಹೂದಿ ರಾಷ್ಟ್ರ ಚಳವಳಿಯ ನೀತಿ ಬದಲಾಗಬೇಕೆನ್ನುವ ರಿವಿಷನಿಸ್ಟ್ ಪಕ್ಷ ಕಟ್ಟಿದರು. 1934ರಲ್ಲಿ ಲಂಡನ್‌ನಲ್ಲಿ ಇಬ್ಬರೂ ನಾಯಕರು ಕೂತು ರಾಜಿ ಒಪ್ಪಂದಕ್ಕೆ ಬಂದಿದ್ದುಂಟು. ಮರುವರ್ಷ ಕಾರ್ಮಿಕ ಒಕ್ಕೂಟದ ಸದಸ್ಯರು ಮತ ಹಾಕಿ ಅದನ್ನು ತಳ್ಳಿಹಾಕಿದರು.

ಅದೇ 1935ರಲ್ಲಿ ಜಬೋಟಿನ್‌ಸ್ಕಿ ಉಯಿಲು ಬರೆದರು. ಪರದೇಶದಲ್ಲಿ ಸತ್ತರೆ ಅಲ್ಲಿಯೇ ಹೂಳಬೇಕು, ಮುಂದೊಂದು ದಿನ ಯಹೂದಿ ಸರ್ಕಾರ ಆದೇಶಿಸಿದರೆ ಮಾತ್ರ ಅಸ್ಥಿಯನ್ನು ಸಾಗಿಸಬೇಕು ಎಂಬುದು ಅದರ ಷರತ್ತು. 1940ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಯುವಶಿಬಿರವೊಂದರಲ್ಲಿ ಹೃದಯಾಘಾತದಿಂದ ತೀರಿಕೊಂಡರು. 1948ರಲ್ಲಿ ಯಹೂದಿ ಸರ್ಕಾರ ಬಂತು, ಆದೇಶ ಬರಲಿಲ್ಲ. ಯಹೂದಿ ರಾಷ್ಟ್ರ ಚಳವಳಿಯ ಸ್ಥಾಪಕ ಥಿಯೊಡೋರ್ ಹರ್ಜ್ಲ್ ಅಸ್ಥಿ ಮರುವರ್ಷವೇ ವಿಯೆನ್ನಾದಿಂದ ಬಂದಿತ್ತು. ಸತ್ತವನ ಮೇಲೂ ಹಗೆ ಸಾಧಿಸಿದ ಈ ಸಣ್ಣತನ ದೊಡ್ಡ ನಾಯಕನಿಗೆ ಒಪ್ಪುವಂಥದ್ದಲ್ಲ. ಕೊನೆಗೆ ಬೆನ್ ಗುರಿಯನ್ ಪಕ್ಷದವರೇ ಆದ ಲೆವಿ ಎಶ್ಕೋಲ್ ಪ್ರಧಾನಿಯಾದ ಮೇಲೆ, 1964ರಲ್ಲಿ, ಪತ್ನಿಯ ಅವಶೇಷದೊಂದಿಗೆ ಜಬೋಟಿನ್‌ಸ್ಕಿ ಹರ್ಜ್ಲ್ ಬೆಟ್ಟ ಸೇರಿದರು.

ಮುಂದಿನದು ಅಧಿಕಾರದ ಕಥೆ. 1977ರಲ್ಲಿ ಅವರ ಶಿಷ್ಯ ಮೆನಾಚೆಮ್ ಬೆಗಿನ್ ಚುನಾವಣೆ ಗೆದ್ದರು. ಬೆಗಿನ್ ಅವರ ಬಲಪಂಥೀಯ ಲಿಕುಡ್ ಪಕ್ಷ ಇಂದಿಗೂ ಜಬೋಟಿನ್‌ಸ್ಕಿಯನ್ನೇ ಗುರುವೆನ್ನುತ್ತದೆ. 2005ರ ಕಾಯ್ದೆ ಬಂದದ್ದೂ ಲಿಕುಡ್ ಪ್ರಧಾನಿ ಏರಿಯಲ್ ಶರೋನ್ ಕಾಲದಲ್ಲಿ.

ಇಂಥ ದಿನದಂದು ಗಟ್ಟಿಯಾಗಿ ಓದಬೇಕಾದದ್ದು 1923ರಲ್ಲಿ ಜಬೋಟಿನ್‌ಸ್ಕಿ ರಷ್ಯನ್ ಭಾಷೆಯಲ್ಲಿ ಬರೆದ ‘ಕಬ್ಬಿಣದ ಗೋಡೆ’ ಲೇಖನ. ಪ್ಯಾಲೆಸ್ಟೀನಿನ ಅರಬ್ಬರು ಜೀವಂತ ಜನಾಂಗ, ಯಾವ ಮೂಲನಿವಾಸಿಗಳೂ ತಮ್ಮ ನೆಲವನ್ನು ಮನಸಾರೆ ಬಿಟ್ಟುಕೊಡುವುದಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆದ್ದರಿಂದಲೇ ಸೇನಾಬಲದ ಗೋಡೆ ಬೇಕು, ಮಾತುಕತೆ ಆಮೇಲೆ ಎಂಬುದು ಅವರ ತೀರ್ಮಾನ. ಆ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. 1948ರಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು. ಆದರೆ ಎದುರಿನವರನ್ನು ಮೂಢರೆಂದೋ ಲಂಚಕ್ಕೆ ಬಗ್ಗುವವರೆಂದೋ ಅವರು ಕಾಣಲಿಲ್ಲ. ಆ ಲೇಖನದ ಗೋಡೆಯನ್ನು ಬಲವಾಗಿ ಹಿಡಿದುಕೊಂಡ ವಾರಸುದಾರರು ಅರಬ್ಬರ ಬಗ್ಗೆ ಅವರು ಒಪ್ಪಿಕೊಂಡ ಮಾತನ್ನು ಅಷ್ಟೇ ಬಲವಾಗಿ ಹಿಡಿದುಕೊಳ್ಳಲಿಲ್ಲ.